ಆನ್‌ಲೈನ್‌ನಲ್ಲಿ ಕೊಂಡ ಹಳೆಯ ಗಿಟಾರ್ ಆಂಪ್ ಕೈಕೊಟ್ಟರೆ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಆನ್‌ಲೈನ್ ಮಾರಾಟ ತಾಣವೊಂದರಲ್ಲಿ ಒಬ್ಬರಿಂದ ಸೆಕೆಂಡ್ ಹ್ಯಾಂಡ್ ವಾಲ್ವ್ ಆಂಪ್ಲಿಫೈಯರ್ (ಗಾಜಿನ ನಿರ್ವಾತ ಕೊಳವೆಗಳಿಂದ ದನಿ ಹಿಗ್ಗಿಸುವ ಗಿಟಾರ್ ಆಂಪ್) ಕೊಂಡಿದ್ದೇನೆ. ಸ್ಪೀಕರ್ ಒಳಗೇ ಇರುವ ಕಾಂಬೊ ಮಾದರಿಯದು. 'ಎಲ್ಲವೂ ಸರಿಯಾಗಿ ಕೆಲಸ ಮಾಡುತ್ತದೆ, ಯಾವ ದೋಷವೂ ಇಲ್ಲ' ಎಂದು ಜಾಹೀರಾತಿನಲ್ಲಿ ಬರೆದಿದ್ದರು. ಹಾಕಿದ ಕೂಡಲೇ ಚೆನ್ನಾಗಿಯೇ ನುಡಿಯುತ್ತದೆ. ಬಿಸಿಯಾದ ಮೇಲೆ ದನಿ ಇದ್ದಕ್ಕಿದ್ದಂತೆ ಕುಗ್ಗಿ, ಕರಕರ ಸದ್ದು ಮಾಡಿ, ಮತ್ತೆ ತಾನಾಗಿಯೇ ಏರುತ್ತದೆ. ಮಾರಿದವರಿಗೆ ಫೋನ್ ಮಾಡಿದರೆ 'ನಮ್ಮಲ್ಲಿ ಸರಿಯಾಗಿತ್ತು, ಸಾಗಣೆಯಲ್ಲಿ ಏನೋ ಆಗಿರಬೇಕು' ಎನ್ನುತ್ತಾರೆ. ಬಿಚ್ಚಿ ನೋಡಬೇಕೋ, ರಿಪೇರಿಗೆ ಕೊಡಬೇಕೋ, ಹಿಂದಿರುಗಿಸಬೇಕೋ ತಿಳಿಯದಾಗಿದೆ.

ಉತ್ತರ: ಸದ್ಯಕ್ಕೆ ಆಂಪ್‌ನ ಒಂದು ಸ್ಕ್ರೂವನ್ನೂ ಬಿಚ್ಚಬೇಡಿ. ಇದಕ್ಕೆ ಎರಡು ಕಾರಣಗಳಿವೆ. ವಾಲ್ವ್ ಆಂಪ್‌ನ ಒಳಗೆ ಸಾಮಾನ್ಯವಾಗಿ 300ರಿಂದ 500 ವೋಲ್ಟ್‌ವರೆಗಿನ ಡಿಸಿ (ಒಂದೇ ದಿಕ್ಕಿಗೆ ಹರಿಯುವ) ವಿದ್ಯುತ್ ಇರುತ್ತದೆ. ಅದನ್ನು ಹಿಡಿದಿಟ್ಟುಕೊಳ್ಳುವ ದೊಡ್ಡ ಕೆಪಾಸಿಟರ್‌ಗಳು, ಪ್ಲಗ್ ಕಿತ್ತ ಮೇಲೂ ಪ್ರಾಣಕ್ಕೆ ಕುತ್ತು ತರುವಷ್ಟು ವಿದ್ಯುತ್ತನ್ನು ಉಳಿಸಿಕೊಂಡಿರಬಲ್ಲವು. ಅದನ್ನು ಕ್ರಮವಾಗಿ ಬರಿದು ಮಾಡಿ, ಬರಿದಾಗಿದೆ ಎಂಬುದನ್ನು ಮೀಟರ್ ಹಿಡಿದು ಖಚಿತಪಡಿಸಿಕೊಂಡು ಕೆಲಸಕ್ಕೆ ಕೈಹಾಕುವುದು ಬಲ್ಲವರಿಗೆ ಬಿಟ್ಟ ವಿಷಯ. ಎರಡನೆಯ ಕಾರಣ ನಿಮ್ಮ ಹಣಕ್ಕೆ ಸಂಬಂಧಿಸಿದ್ದು. ಆಂಪ್‌ ಬಿಚ್ಚಿದ ಗುರುತು ಕಂಡರೆ ಸಾಕು, ದೋಷವನ್ನು ಮಾಡಿದವರು ನೀವೇ ಎಂದು ಹೇಳಲು ಮಾರಿದವರಿಗೆ ದಾರಿ ಸಿಗುತ್ತದೆ. ರಿಪೇರಿಗೆ ಕೊಟ್ಟರೂ ಹಾಗೆಯೇ: ಬಿಡಿಭಾಗ ಬದಲಾದ ಮೇಲೆ, ಅದು ಬಂದಾಗ ಹೇಗಿತ್ತು ಎಂಬುದಕ್ಕೆ ಪುರಾವೆ ಉಳಿಯುವುದಿಲ್ಲ. ಆದ್ದರಿಂದ ಮಾರಿದವರೊಂದಿಗಿನ ಮಾತು ಮುಗಿಯುವವರೆಗೆ ಆಂಪ್ ಬಂದ ಸ್ಥಿತಿಯಲ್ಲೇ ಇರಲಿ.

ಬಿಚ್ಚದೆಯೇ ನೋಡಬಹುದಾದದ್ದು ಸಾಕಷ್ಟಿದೆ. ಬಹುಪಾಲು ಕಾಂಬೊಗಳ ಹಿಂಬದಿ ಭಾಗಶಃ ತೆರೆದೇ ಇರುತ್ತದೆ. ಪ್ಲಗ್ ಕಿತ್ತು, ವಾಲ್ವ್‌ಗಳು ಪೂರ್ತಿ ತಣ್ಣಗಾದ ಮೇಲೆ ಅಲ್ಲಿ ಟಾರ್ಚ್ ಹಿಡಿದು ನೋಡಿ. ಸ್ಪೀಕರ್‌ಗೆ ಹೋಗುವ ತಂತಿ ಭದ್ರವಾಗಿ ಕೂತಿದೆಯೇ ಎಂಬುದು ಎಲ್ಲಕ್ಕಿಂತ ಮುಖ್ಯ. ಸ್ಪೀಕರ್ ಜೋಡಿಸದೆ ವಾಲ್ವ್ ಆಂಪನ್ನು ನುಡಿಸಿದರೆ, ವಾಲ್ವ್‌ಗಳ ಸಿಗ್ನಲನ್ನು ಸ್ಪೀಕರ್‌ಗೆ ಹೊಂದಿಸಿ ಕೊಡುವ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸುಟ್ಟುಹೋಗುವ ಅಪಾಯವಿದೆ, ಮತ್ತು ಅದು ಆಂಪ್‌ನ ಅತಿ ದುಬಾರಿ ಭಾಗಗಳಲ್ಲೊಂದು. ವಾಲ್ವ್‌ಗಳು ತಮ್ಮ ಸಾಕೆಟ್‌ನಲ್ಲಿ ನೆಟ್ಟಗೆ ಕೂತಿವೆಯೇ, ಸಾಗಣೆಯ ಕುಲುಕಾಟಕ್ಕೆ ಯಾವುದಾದರೂ ಸಡಿಲಗೊಂಡು ವಾಲಿದೆಯೇ ಎಂದು ಗಮನಿಸಿ. ಪ್ರತಿ ವಾಲ್ವ್‌ನ ಗಾಜಿನ ಒಳಮೈಯಲ್ಲಿ, ಹೆಚ್ಚಾಗಿ ನೆತ್ತಿಯ ಹತ್ತಿರ, ಕನ್ನಡಿಯಂತೆ ಹೊಳೆಯುವ ಬೆಳ್ಳಿಬಣ್ಣದ ಲೇಪ ಕಾಣುತ್ತದೆ. ಒಳಗೆ ಉಳಿದಿರಬಹುದಾದ ಅನಿಲವನ್ನು ಹೀರಿಕೊಳ್ಳಲು ಕಾರ್ಖಾನೆಯಲ್ಲೇ ಹಾಕಿದ ಲೇಪವದು. ಆ ಹೊಳಪು ಹೋಗಿ ಹಾಲಿನಂತೆ ಬೆಳ್ಳಗಾಗಿದ್ದರೆ ಗಾಜು ಬಿರುಕು ಬಿಟ್ಟು ಗಾಳಿ ಒಳಗೆ ಹೋಗಿದೆ, ಆ ವಾಲ್ವ್ ಸತ್ತಿದೆ ಎಂದರ್ಥ. ಹಾಗೆ ಕಂಡರೆ ತಕ್ಷಣ ಫೋಟೊ ತೆಗೆದಿಡಿ. ಇದಕ್ಕಿಂತ ಸ್ಪಷ್ಟವಾದ ಪುರಾವೆ ಸಿಗುವುದು ಅಪರೂಪ.

ಇನ್ನು ದನಿ ಕುಗ್ಗಿ ಏರುವ ತೊಂದರೆ. ಬೇರೆ ಗಿಟಾರ್, ಬೇರೆ ಕೇಬಲ್ ಹಾಕಿ ನುಡಿಸಿ, ದೋಷ ಆಂಪ್‌ನದೇ ಎಂಬುದನ್ನು ಮೊದಲು ಗಟ್ಟಿ ಮಾಡಿಕೊಳ್ಳಿ. ಪೆಡಲ್‌ಗಳೆಲ್ಲ ಪಕ್ಕಕ್ಕಿರಲಿ. ಆಮೇಲೆ ಆಂಪ್‌ನ ಹಿಂಬದಿಯಲ್ಲಿ 'ಸೆಂಡ್', 'ರಿಟರ್ನ್' ಎಂಬ ಎರಡು ಜ್ಯಾಕ್‌ಗಳಿವೆಯೇ ನೋಡಿ. ಎಫೆಕ್ಟ್ ಪೆಡಲ್‌ಗಳನ್ನು ನಡುವೆ ಜೋಡಿಸಲು ಇರುವ ದಾರಿಯದು. ಅನೇಕ ಆಂಪ್‌ಗಳಲ್ಲಿ ಆ ಜ್ಯಾಕ್ ಖಾಲಿಯಿದ್ದಾಗ ಒಳಗಿನ ಸಣ್ಣ ಲೋಹದ ಪಟ್ಟಿಯೊಂದು ಸಂಪರ್ಕವನ್ನು ಮುಚ್ಚಿಕೊಂಡು, ಸಿಗ್ನಲ್ ನೇರವಾಗಿ ಮುಂದಕ್ಕೆ ಹೋಗುವಂತೆ ಮಾಡುತ್ತದೆ. ವರ್ಷಗಟ್ಟಲೆ ಬಳಸದೆ ಬಿಟ್ಟರೆ ಆ ಪಟ್ಟಿಯ ಮೇಲೆ ಕಿಲುಬು ಕಟ್ಟಿ, ದನಿ ಹೋಗುವುದು ಬರುವುದು ಶುರುವಾಗುತ್ತದೆ. ಒಂದು ಗಿಡ್ಡ ಗಿಟಾರ್ ಕೇಬಲ್ಲನ್ನು ಸೆಂಡ್‌ನಿಂದ ರಿಟರ್ನ್‌ಗೆ ಚುಚ್ಚಿ ನುಡಿಸಿ ನೋಡಿ. ದನಿ ಸ್ಥಿರವಾಗಿ ನಿಂತರೆ ದೋಷ ಸಿಕ್ಕಂತೆಯೇ, ಮತ್ತು ಅದು ಸಣ್ಣ ರಿಪೇರಿ. ಈ ಪರೀಕ್ಷೆಗೆ ಏನನ್ನೂ ಬಿಚ್ಚಬೇಕಿಲ್ಲ, ಆಂಪ್‌ಗೆ ಯಾವ ಹಾನಿಯೂ ಇಲ್ಲ. ಹಾಗಾಗಿ ಇದನ್ನು ಮಾಡದೆ ಮುಂದಕ್ಕೆ ಹೋಗಬೇಡಿ.

ಅದರಿಂದ ಬದಲಾವಣೆ ಕಾಣದಿದ್ದರೆ, ಬಿಸಿಯಾದಾಗ ಮಾತ್ರ ತಲೆದೋರುವ ದೋಷಕ್ಕೆ ಬಹುಮಟ್ಟಿಗೆ ಬಿರುಕು ಬಿಟ್ಟ ಬೆಸುಗೆ, ಸಾಕೆಟ್‌ನ ಪಿನ್ನುಗಳ ಮೇಲಿನ ಕಿಲುಬು ಅಥವಾ ಕೊನೆಗಾಲ ಮುಟ್ಟಿದ ವಾಲ್ವ್ ಕಾರಣವಾಗಿರುತ್ತದೆ. ಬಿಸಿಗೆ ಲೋಹ ಹಿಗ್ಗಿ, ಕೂದಲೆಳೆಯಷ್ಟು ಬಿರುಕು ಬಾಯಿ ಬಿಡುತ್ತದೆ. ಆದ್ದರಿಂದಲೇ ತಣ್ಣಗಿರುವ ಆಂಪ್ ಚೆನ್ನಾಗಿ ನುಡಿಯುತ್ತದೆ. ಮಾರಿದವರು ಐದು ನಿಮಿಷ ನುಡಿಸಿ 'ಸರಿಯಿದೆ' ಎಂದು ಪ್ರಾಮಾಣಿಕವಾಗಿಯೇ ಬರೆದಿರುವ ಸಾಧ್ಯತೆಯೂ ಇದೆ ಎಂಬುದನ್ನು ಮರೆಯಬೇಡಿ, ಏಕೆಂದರೆ ನಿಮ್ಮ ಮೊದಲ ಪತ್ರದ ಧಾಟಿ ಅದರ ಮೇಲೆ ನಿಂತಿದೆ. ಮೋಸಗಾರ ಎಂದು ಶುರು ಮಾಡಿದರೆ ಎದುರಿನವರು ಕದ ಹಾಕಿಕೊಳ್ಳುತ್ತಾರೆ.

ಪತ್ರ ಬರೆಯುವ ಮೊದಲು ಒಂದು ವಿಡಿಯೊ ಮಾಡಿಕೊಳ್ಳಿ. ಅದರಲ್ಲಿ ಆಂಪ್‌ನ ಹಿಂಬದಿಯ ಕ್ರಮಸಂಖ್ಯೆ ಕಾಣಬೇಕು, ಗಿಟಾರ್ ನೇರವಾಗಿ ಆಂಪ್‌ಗೆ ಜೋಡಿಸಿರುವುದು ಕಾಣಬೇಕು, ನಾಬ್‌ಗಳು ಯಾವ ಅಂಕಿಯಲ್ಲಿವೆ ಎಂಬುದು ಕಾಣಬೇಕು, ಮತ್ತು ನಡುವೆ ಕತ್ತರಿಸದೆ ದೋಷ ಬರುವವರೆಗೆ ಓಡಬೇಕು. ಪೆಟ್ಟಿಗೆ, ಒಳಗಿನ ಮೆತ್ತೆ, ಹೊರಗಿನ ಚೀಟಿ ಎಲ್ಲವನ್ನೂ ಫೋಟೊ ತೆಗೆದು ಜೋಪಾನವಾಗಿಡಿ. ಜಾಹೀರಾತು ಅಳಿಸಿಹೋಗುವ ಮುನ್ನ ಅದರ ಚಿತ್ರವನ್ನೂ ಉಳಿಸಿಕೊಳ್ಳಿ. ಫೋನ್‌ನಲ್ಲಿ ಆಡಿದ ಮಾತಿಗೆ ಸಾಕ್ಷಿಯಿಲ್ಲವಾದ್ದರಿಂದ ಇನ್ನು ಮುಂದಿನದೆಲ್ಲ ಆ ಮಾರಾಟ ತಾಣದ ಸಂದೇಶ ವ್ಯವಸ್ಥೆಯ ಒಳಗೇ ಬರವಣಿಗೆಯಲ್ಲಿ ನಡೆಯಲಿ. ಹೀಗೆ ಬರೆಯಬಹುದು:

'ನಮಸ್ಕಾರ. ನೀವು ಕಳುಹಿಸಿದ ಆಂಪ್ಲಿಫೈಯರ್ ಇಂಥ ದಿನ ತಲುಪಿತು. ಸುಮಾರು ಅರ್ಧ ಗಂಟೆ ಬಿಸಿಯಾದ ಮೇಲೆ ದನಿ ಕುಗ್ಗಿ, ಕರಕರ ಸದ್ದು ಬರುತ್ತಿದೆ. ಬೇರೆ ಗಿಟಾರ್ ಮತ್ತು ಕೇಬಲ್‌ಗಳಿಂದ ಪರೀಕ್ಷಿಸಿದರೂ ಹಾಗೆಯೇ ಇದೆ, ವಿಡಿಯೊ ಲಗತ್ತಿಸಿದ್ದೇನೆ. ಜಾಹೀರಾತಿನಲ್ಲಿ ಎಲ್ಲವೂ ಸರಿಯಿದೆ ಎಂದಿದ್ದುದರಿಂದ ನಾನು ಇದನ್ನು ಕೊಂಡೆ. ಆಂಪನ್ನು ಬಿಚ್ಚಿಲ್ಲ. ಹಿಂದಕ್ಕೆ ಪಡೆದು ಪೂರ್ತಿ ಹಣ ಮರಳಿಸುವಿರೋ ಅಥವಾ ರಿಪೇರಿಯ ಖರ್ಚನ್ನು ಭರಿಸುವಿರೋ, ಇಂಥ ದಿನಾಂಕದೊಳಗೆ ದಯವಿಟ್ಟು ತಿಳಿಸಿ.'

ಕೊನೆಯ ಸಾಲಿನ ದಿನಾಂಕವನ್ನು ನಿಮ್ಮ ಮನಸ್ಸಿಗೆ ಬಂದಂತೆ ಹಾಕಬೇಡಿ. ದೂರು ಕೊಡಲು ಮಾರಾಟ ತಾಣಗಳು ಒಂದು ಗಡುವನ್ನು ಇಟ್ಟಿರುತ್ತವೆ, ಅದು ಬಹಳ ಸಲ ಕೆಲವೇ ದಿನಗಳದ್ದು. ಆ ಗಡುವಿಗೆ ಸಾಕಷ್ಟು ಮುಂಚಿನ ದಿನವನ್ನು ಕೊಡಿ. ಉತ್ತರ ಬಾರದಿದ್ದರೆ ಅಥವಾ ಇಂದು ನಾಳೆ ಎಂದು ಮುಂದೂಡಿದರೆ ಗಡುವು ಮುಗಿಯುವ ಮೊದಲೇ ತಾಣಕ್ಕೆ ವಿಧಿವತ್ತಾಗಿ ದೂರು ದಾಖಲಿಸಿ. ಒಳ್ಳೆಯ ಮಾತಿನಲ್ಲೇ ಗಡುವನ್ನು ಕಳೆದುಬಿಡುವ ಮಾರಾಟಗಾರರೇ ನನ್ನ ದೃಷ್ಟಿಯಲ್ಲಿ ಹೆಚ್ಚು ಅಪಾಯಕಾರಿಗಳು. 'ಸಾಗಣೆಯಲ್ಲಿ ಆಗಿರಬೇಕು' ಎಂಬ ಮಾತಿಗೂ ನೀವು ಅಂಜಬೇಕಿಲ್ಲ. ಸರಿಯಾಗಿ ಪ್ಯಾಕ್ ಮಾಡುವುದು ಕಳುಹಿಸುವವರ ಹೊಣೆ. ವಿಮೆ ಇದ್ದರೆ ಅದನ್ನು ಕೇಳುವವರೂ ಸಾಮಾನ್ಯವಾಗಿ ಅವರೇ. ಹೇಳಿದ ಸ್ಥಿತಿಯಲ್ಲಿ ವಸ್ತು ನಿಮ್ಮ ಕೈ ಸೇರಲಿಲ್ಲ ಎಂಬುದಷ್ಟೇ ನೀವು ತೋರಿಸಬೇಕಾದದ್ದು.

ಪ್ರಶ್ನೆ: ನಾನು ಕೊಂಡ ಹಳೆಯ ಆಂಪ್ ಸದಾ ಗುಂಯ್ ಎನ್ನುತ್ತದೆ. ಮಾರಿದವರು 'ನಿಮ್ಮ ಮನೆಯ ವೈರಿಂಗ್ ಸರಿಯಿಲ್ಲ' ಎನ್ನುತ್ತಾರೆ. ಯಾರು ಸರಿ ಎಂದು ತಿಳಿಯುವುದು ಹೇಗೆ? ಪ್ಲಗ್‌ನ ಅರ್ಥ್ ಪಿನ್ ತೆಗೆದರೆ ಗುಂಯ್‌ಗುಟ್ಟುವುದು ನಿಲ್ಲುತ್ತದೆ ಎಂದು ಸ್ನೇಹಿತರೊಬ್ಬರು ಹೇಳಿದರು.

ಉತ್ತರ: ಅರ್ಥ್ ಪಿನ್ ತೆಗೆಯುವ ಯೋಚನೆಯನ್ನು ಈಗಲೇ ಬಿಟ್ಟುಬಿಡಿ. ಆಂಪ್‌ನ ಒಳಗೆ ದೋಷ ಉಂಟಾಗಿ ಲೋಹದ ಚೌಕಟ್ಟಿಗೆ ಕರೆಂಟ್ ಬಂದರೆ, ಅದು ಅರ್ಥ್ ತಂತಿಯ ಮೂಲಕ ಹರಿದು ಫ್ಯೂಸ್ ಸುಡುತ್ತದೆ. ಆ ದಾರಿ ಇಲ್ಲದಿದ್ದರೆ ಕರೆಂಟ್ ಕೇಬಲ್‌ನ ಮೂಲಕ ಗಿಟಾರ್‌ನ ತಂತಿಗಳಿಗೆ, ಅಲ್ಲಿಂದ ನಿಮ್ಮ ಬೆರಳಿಗೆ ಬರುತ್ತದೆ. ತಂತಿಯ ಮೇಲೆ ಕೈಯಿಟ್ಟು ಮೈಕಿಗೆ ತುಟಿ ತಾಗಿಸಿದ ಕ್ಷಣ ದೇಹವೇ ದಾರಿಯಾಗುತ್ತದೆ. ಸ್ಟೋನ್ ದ ಕ್ರೋಸ್ ತಂಡದ ಗಿಟಾರ್ ವಾದಕ ಲೆಸ್ ಹಾರ್ವಿ 1972ರಲ್ಲಿ ವೇಲ್ಸ್‌ನ ಸ್ವಾನ್ಸಿಯಲ್ಲಿ, ವೇದಿಕೆಯ ಮೇಲೆ ಅರ್ಥಿಂಗ್ ಸರಿಯಿಲ್ಲದ ಮೈಕ್ ಮುಟ್ಟಿ ವಿದ್ಯುದಾಘಾತಕ್ಕೆ ಬಲಿಯಾದರು. ಗುಂಯ್‌ಗುಟ್ಟುವ ಆಂಪ್‌ನೊಂದಿಗೆ ಬದುಕಬಹುದು. ಅರ್ಥ್ ಇಲ್ಲದ ಆಂಪನ್ನು ಮುಟ್ಟಲೇಬಾರದು.

ಈಗ ಸದ್ದಿನ ಮೂಲ. ಗಿಟಾರ್ ಕೇಬಲ್ಲನ್ನು ಆಂಪ್‌ನಿಂದ ಪೂರ್ತಿ ಕಿತ್ತುಬಿಡಿ. ಸದ್ದು ನಿಂತರೆ ಅದು ಬರುತ್ತಿದ್ದುದು ಗಿಟಾರ್, ಕೇಬಲ್ ಅಥವಾ ಕೋಣೆಯಿಂದ. ಸಿಂಗಲ್ ಕಾಯಿಲ್ ಪಿಕಪ್‌ಗಳು (ಗಿಟಾರ್ ತಂತಿಯ ಕಂಪನವನ್ನು ಸಿಗ್ನಲ್ ಆಗಿ ಬದಲಿಸುವ, ಒಂದೇ ಸುರುಳಿಯ ಭಾಗಗಳು) ಸುತ್ತಲಿನ ತಂತಿ, ಟ್ಯೂಬ್‌ಲೈಟ್, ಡಿಮ್ಮರ್, ಚಾರ್ಜರ್‌ಗಳ ವಿದ್ಯುತ್ಕಾಂತೀಯ ಕ್ಷೇತ್ರವನ್ನು ಹೀರಿಕೊಂಡು ಗುಂಯ್‌ಗುಟ್ಟುವುದು ಅವುಗಳ ಸ್ವಭಾವ. ಗಿಟಾರ್ ಹಿಡಿದುಕೊಂಡೇ ನೀವು ಸುತ್ತ ತಿರುಗಿದಾಗ ಸದ್ದು ಹೆಚ್ಚು ಕಡಿಮೆಯಾದರೆ ಅನುಮಾನವೇ ಇಲ್ಲ. ಕೇಬಲ್ ಕಿತ್ತರೂ ಸದ್ದು ಉಳಿದರೆ ವಾಲ್ಯೂಮ್ ನಾಬ್‌ಗಳನ್ನೆಲ್ಲ ಸೊನ್ನೆಗೆ ತನ್ನಿ. ಆಗ ಸದ್ದು ಅಡಗಿದರೆ ದೋಷ ಆಂಪ್‌ನ ಮೊದಲ ಹಂತಗಳಲ್ಲಿದೆ. ಸೊನ್ನೆಯಲ್ಲೂ ಅಷ್ಟೇ ಜೋರಾಗಿದ್ದರೆ ವಿದ್ಯುತ್ ಪೂರೈಸುವ ಭಾಗ ಅಥವಾ ಕೊನೆಯ ಹಂತವನ್ನು ಶಂಕಿಸಬೇಕು.

ಗಿಟಾರ್ ನುಡಿಸುವವರಿಗೆ ಇನ್ನೊಂದು ಅನುಕೂಲವಿದೆ: ಸದ್ದಿನ ಸ್ವರವನ್ನೇ ಗುರುತಿಸಬಹುದು. ಮನೆಗೆ ಬರುವ ವಿದ್ಯುತ್ತಿನ ಆವರ್ತನ 50 ಹರ್ಟ್ಸ್ ಇರುವ ಕಡೆ, ಹೊರಗಿನಿಂದ ಹೀರಿಕೊಂಡ ಗುಂಯ್‌ನಾದದಲ್ಲಿ ಆ 50 ಹರ್ಟ್ಸ್‌ನ ಆಳವಾದ ದನಿಯೇ ಬುಡವಾಗಿರುತ್ತದೆ. ಕೆಪಾಸಿಟರ್‌ಗಳು ಸೊರಗಿ, ಡಿಸಿಯಾಗಿ ಬದಲಾದ ವಿದ್ಯುತ್ತು ನಯವಾಗದೆ ಉಳಿದಾಗ ಬರುವ ಸದ್ದು ಸಾಮಾನ್ಯವಾಗಿ ಅದರ ಇಮ್ಮಡಿ, ಅಂದರೆ 100 ಹರ್ಟ್ಸ್. ಅತಿ ದಪ್ಪ ತಂತಿಯ ಮೂರನೆಯ ಫ್ರೆಟ್‌ನಲ್ಲಿ ನುಡಿಯುವ ಜಿ ಸ್ವರ 98 ಹರ್ಟ್ಸ್. ಆ 100 ಹರ್ಟ್ಸ್ ಇದರ ಪಕ್ಕದಲ್ಲೇ ಇದೆ. 60 ಹರ್ಟ್ಸ್ ವಿದ್ಯುತ್ ಇರುವ ದೇಶಗಳಲ್ಲಿ ಅದು 120 ಹರ್ಟ್ಸ್ ಆಗುತ್ತದೆ, ಐದನೆಯ ತಂತಿಯ ಎರಡನೆಯ ಫ್ರೆಟ್‌ನ ಬಿ ಸ್ವರಕ್ಕಿಂತ ತುಸು ಕೆಳಗೆ. ಕಿವಿಯಲ್ಲಿ ಹೋಲಿಸಿ ನೋಡಿ. ಕೇಬಲ್ ಇಲ್ಲದೆ, ವಾಲ್ಯೂಮ್ ಸೊನ್ನೆಯಲ್ಲಿ, ಈ ಎತ್ತರದ ಸ್ವರ ಕೇಳಿಸುತ್ತಿದ್ದರೆ ಒಳಗಿನ ಫಿಲ್ಟರ್ ಕೆಪಾಸಿಟರ್‌ಗಳಿಗೆ ವಯಸ್ಸಾಗಿದೆ ಎಂದು ಬಹುಮಟ್ಟಿಗೆ ಹೇಳಬಹುದು. ಬಳಸಿದರೂ ಬಳಸದಿದ್ದರೂ ಅವುಗಳ ಒಳಗಿನ ದ್ರವ ಕಾಲಕ್ರಮದಲ್ಲಿ ಒಣಗುತ್ತದೆ. ನುರಿತ ತಂತ್ರಜ್ಞರಿಗೆ ಅವುಗಳನ್ನು ಬದಲಿಸುವುದು ನಿತ್ಯದ ಕೆಲಸ, ಆದರೆ ಖರ್ಚು ನಿಮ್ಮದಾಗಬೇಕಿಲ್ಲ.

ಮನೆಯ ವೈರಿಂಗ್ ಎಂಬ ವಾದವನ್ನು ಮುಗಿಸಲು ಆಂಪನ್ನು ಬೇರೊಂದು ಕಟ್ಟಡಕ್ಕೆ ಕೊಂಡೊಯ್ದು ಇದೇ ಪರೀಕ್ಷೆಯನ್ನು ವಿಡಿಯೊ ಮಾಡಿ ಕಳುಹಿಸಿ.

ಪ್ರಶ್ನೆ: ನನ್ನದು ವಾಲ್ವ್ ಇಲ್ಲದ ಟ್ರಾನ್ಸಿಸ್ಟರ್ ಆಂಪ್, ಬೇರೆ ದೇಶದಿಂದ ತರಿಸಿದ್ದು. ಸ್ವಿಚ್ ಹಾಕಿದ ಕೂಡಲೇ ಫ್ಯೂಸ್ ಸುಡುತ್ತದೆ. ಮಾರಿದವರು 'ಸ್ವಲ್ಪ ದೊಡ್ಡ ಫ್ಯೂಸ್ ಹಾಕಿ ನೋಡಿ' ಎಂದಿದ್ದಾರೆ. ಹಾಕಬಹುದೇ?

ಉತ್ತರ: ಖಂಡಿತ ಹಾಕಬಾರದು. ಫ್ಯೂಸ್ ಸುಡುವುದು ಒಳಗಿನ ದೋಷದ ಫಲ. ದೊಡ್ಡ ಫ್ಯೂಸ್ ಹಾಕಿದರೆ ಫ್ಯೂಸ್‌ನ ಬದಲಿಗೆ ಟ್ರಾನ್ಸ್‌ಫಾರ್ಮರ್ ಸುಡುತ್ತದೆ, ಬೆಂಕಿಯೂ ಹೊತ್ತಿಕೊಳ್ಳಬಹುದು. ಫ್ಯೂಸ್‌ಗೆ ಲೋಹದ ಹಾಳೆ ಸುತ್ತುವುದು, ತಂತಿ ಕಟ್ಟುವುದು ಇವೂ ಅಷ್ಟೇ ಅಪಾಯಕರ. ಆ ಸಲಹೆ ಬರವಣಿಗೆಯಲ್ಲಿ ಬಂದಿದ್ದರೆ ಅದನ್ನು ಅಳಿಸದೆ ಇಟ್ಟುಕೊಳ್ಳಿ, ದೂರಿಗೆ ಬೇಕಾಗುತ್ತದೆ.

ಬೇರೆ ದೇಶದ್ದು ಎಂದಿರುವುದರಿಂದ ಮೊದಲು ಹಿಂಬದಿಯ ಚೀಟಿಯನ್ನು ಓದಿ. 120 ವೋಲ್ಟ್ ಎಂದಿದ್ದು ನಿಮ್ಮ ಮನೆಯ ವಿದ್ಯುತ್ 230 ವೋಲ್ಟ್ ಆಗಿದ್ದರೆ, ಫ್ಯೂಸ್ ಸುಟ್ಟು ಆಂಪನ್ನು ಉಳಿಸಿರಬಹುದು. ಅಂಥದ್ದಕ್ಕೆ ತಕ್ಕಷ್ಟು ವ್ಯಾಟ್ ಸಾಮರ್ಥ್ಯದ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಬೇಕು. ಕೆಲವು ಆಂಪ್‌ಗಳಲ್ಲಿ ವೋಲ್ಟೇಜ್ ಬದಲಿಸುವ ಸ್ವಿಚ್ ಇರುತ್ತದೆ, ಅದು ಯಾವ ಕಡೆಗಿದೆ ನೋಡಿ. ವೋಲ್ಟೇಜ್ ಸರಿಯಿದ್ದರೆ, ಚೀಟಿಯಲ್ಲಿ ಬರೆದ ಅದೇ ಆಂಪಿಯರ್‌ನ, ಅದೇ ಬಗೆಯ ಫ್ಯೂಸ್ ಹಾಕಿರುವುದನ್ನು ಖಚಿತಪಡಿಸಿಕೊಳ್ಳಿ. ಟಿ ಅಕ್ಷರವಿದ್ದರೆ ನಿಧಾನವಾಗಿ ಸುಡುವಂಥದ್ದು, ಎಫ್ ಇದ್ದರೆ ಬೇಗ ಸುಡುವಂಥದ್ದು. ಟಿ ಬೇಕಾದ ಕಡೆ ಎಫ್ ಹಾಕಿದರೆ, ದೋಷವಿಲ್ಲದ ಆಂಪ್‌ನಲ್ಲೂ ಸ್ವಿಚ್ ಹಾಕಿದ ಕ್ಷಣದ ಹೆಚ್ಚುವರಿ ಕರೆಂಟಿಗೆ ಅದು ಸುಟ್ಟುಹೋಗಬಹುದು. ಸರಿಯಾದ ಫ್ಯೂಸ್ ಒಂದು ಸಲ ಹಾಕಿ ನೋಡಿ. ಅದೂ ಸುಟ್ಟರೆ ಅಲ್ಲಿಗೆ ನಿಲ್ಲಿಸಿ.

ಟ್ರಾನ್ಸಿಸ್ಟರ್ ಆಂಪ್‌ನಲ್ಲಿ ಹೀಗಾಗಲು ಔಟ್‌ಪುಟ್ ಟ್ರಾನ್ಸಿಸ್ಟರ್‌ಗಳು ಶಾರ್ಟ್ ಆಗಿರುವುದು ಸಾಮಾನ್ಯ ಕಾರಣ. ಆಗ ಕೆಲವು ಮಾದರಿಗಳಲ್ಲಿ ಸ್ಪೀಕರ್‌ಗೆ ನೇರವಾಗಿ ಡಿಸಿ ಹರಿದು ಅದರ ಕಾಯಿಲ್ ಸುಟ್ಟಿರುವ ಸಂಭವವೂ ಉಂಟು. ಪ್ಲಗ್ ಕಿತ್ತ ಸ್ಥಿತಿಯಲ್ಲಿ ಸ್ಪೀಕರ್ ತಂತಿಯನ್ನು ಆಂಪ್‌ನಿಂದ ಬಿಡಿಸಿ ಮಲ್ಟಿಮೀಟರ್‌ನಲ್ಲಿ ಅಳೆದರೆ, 8 ಓಮ್ ಎಂದು ಬರೆದ ಸ್ಪೀಕರ್ ಸುಮಾರು 6ರಿಂದ 7 ಓಮ್ ತೋರಿಸಬೇಕು. ಮೀಟರ್ ಏನೂ ತೋರಿಸದಿದ್ದರೆ ಸ್ಪೀಕರ್ ಕೂಡ ಹೋಗಿದೆ, ಮತ್ತು ನೀವು ಕೇಳಬೇಕಾದ ಪರಿಹಾರದ ಮೊತ್ತ ಅಷ್ಟು ದೊಡ್ಡದಾಗಿದೆ.

ಪ್ರಶ್ನೆ: ದೋಷವನ್ನು ಮಾರಿದವರು ಒಪ್ಪಿಕೊಂಡಿದ್ದಾರೆ. ಆಂಪ್ ನಾನೇ ಇಟ್ಟುಕೊಂಡರೆ ಕೊಟ್ಟ ಹಣದಲ್ಲಿ ಕಾಲು ಭಾಗ ಮರಳಿಸುವುದಾಗಿ ಹೇಳುತ್ತಿದ್ದಾರೆ. 'ಹಳೆಯ ಸಾಮಾನು, ಇದ್ದ ಹಾಗೆ ಮಾರಿದ್ದೇನೆ' ಎಂದೂ ಸೇರಿಸಿದ್ದಾರೆ. ಒಪ್ಪಲೇ?

ಉತ್ತರ: ರಿಪೇರಿಗೆ ಎಷ್ಟಾಗುತ್ತದೆ ಎಂದು ತಿಳಿಯದೆ ಯಾವ ಮೊತ್ತಕ್ಕೂ ಒಪ್ಪಬೇಡಿ. ಆಂಪ್ ಬಲ್ಲ ತಂತ್ರಜ್ಞರೊಬ್ಬರಿಗೆ ತೋರಿಸಿ, ರಿಪೇರಿ ಮಾಡಿಸದೆ ಅಂದಾಜನ್ನು ಮಾತ್ರ ಬರವಣಿಗೆಯಲ್ಲಿ ಪಡೆಯಿರಿ; ಪರೀಕ್ಷೆಗಾಗಿ ಅವರು ಅದನ್ನು ತೆರೆಯಬೇಕಾದರೆ ಮಾರಿದವರ ಒಪ್ಪಿಗೆಯನ್ನು ಮೊದಲೇ ಸಂದೇಶದಲ್ಲಿ ತೆಗೆದುಕೊಳ್ಳಿ. ಕಿಲುಬು ಹಿಡಿದ ಜ್ಯಾಕ್ ಅಥವಾ ಮೊದಲ ಹಂತದ ಒಂದು ಸಣ್ಣ ಪ್ರೀಆಂಪ್ ವಾಲ್ವ್‌ನ ದೋಷವಾದರೆ ಕಾಲು ಭಾಗ ಧಾರಾಳವಾಯಿತು. ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಹೋಗಿದ್ದರೆ ಅದು ಏನೇನೂ ಸಾಲದು. ಇವೆರಡರ ನಡುವಿನ ದೋಷಗಳಲ್ಲಿ, ಅಂದಾಜಿನ ಮೊತ್ತದ ಮೇಲೆ ಒಂದಿಷ್ಟು ಹೆಚ್ಚು ಕೇಳುವುದು ನ್ಯಾಯ, ಏಕೆಂದರೆ ಹಳೆಯ ಆಂಪ್‌ನಲ್ಲಿ ಒಂದನ್ನು ಸರಿಪಡಿಸುವಾಗ ಇನ್ನೊಂದು ಹೊರಬೀಳುವುದು ಸಾಮಾನ್ಯ.

'ಇದ್ದ ಹಾಗೆ' ಎಂಬ ಮಾತು ಜಾಹೀರಾತಿನಲ್ಲಿ ಮೊದಲೇ ಇತ್ತೇ, ಅಥವಾ ಈಗ ಹುಟ್ಟಿಕೊಂಡಿತೇ ಎಂದು ನೋಡಿ. ಈಗ ಹುಟ್ಟಿದ್ದಾದರೆ ಅದಕ್ಕೆ ಬೆಲೆ ಕೊಡಬೇಕಿಲ್ಲ. ಮೊದಲೇ ಇದ್ದು, ಅದರ ಜೊತೆಗೇ 'ಚೆನ್ನಾಗಿ ಕೆಲಸ ಮಾಡುತ್ತದೆ' ಎಂದೂ ಬರೆದಿದ್ದರೆ, ನೀವು ಹಿಡಿಯಬೇಕಾದದ್ದು ಆ ಎರಡನೆಯ ಮಾತನ್ನು. ಗೀರು, ಸವಕಳಿ, ಮಾಸಿದ ಬಟ್ಟೆಗಳನ್ನು 'ಇದ್ದ ಹಾಗೆ' ಎಂಬುದು ಒಳಗೊಳ್ಳಬಹುದು, ನುಡಿಯದ ಆಂಪನ್ನಲ್ಲ. 'ಬಿಡಿಭಾಗಗಳಿಗಾಗಿ ಮಾತ್ರ' ಅಥವಾ 'ಪರೀಕ್ಷಿಸಿಲ್ಲ' ಎಂದು ಬರೆದಿದ್ದನ್ನು ಕೊಂಡಿದ್ದರೆ ಮಾತ್ರ ನಿಮ್ಮ ವಾದ ದುರ್ಬಲ. ದೇಶ ದೇಶದ ಕಾನೂನು, ತಾಣ ತಾಣದ ನಿಯಮ ಬೇರೆಬೇರೆಯಾದ್ದರಿಂದ ನೀವು ಕೊಂಡ ತಾಣದ ಖರೀದಿದಾರರ ರಕ್ಷಣೆಯ ಪುಟವನ್ನು ಒಮ್ಮೆ ಪೂರ್ತಿ ಓದಿ. ಭಾಗಶಃ ಹಣ ಪಡೆದರೆ ದೂರು ಅಲ್ಲಿಗೆ ಮುಕ್ತಾಯ ಎಂದು ಅನೇಕ ಕಡೆ ನಿಯಮವಿರುತ್ತದೆ. ಹಾಗಾಗಿ ಹಣ ಖಾತೆಗೆ ಬರುವ ಮೊದಲು ದೂರನ್ನು ಹಿಂತೆಗೆಯಬೇಡಿ, ತಾಣದ ಹೊರಗೆ ಹಣ ಕೊಡುತ್ತೇನೆ ಎಂದರೆ ಒಪ್ಪಬೇಡಿ.

ಹಿಂದಿರುಗಿಸುವುದೇ ಆದರೆ ಬಂದಾಗಿನದಕ್ಕಿಂತ ಚೆನ್ನಾಗಿ ಪ್ಯಾಕ್ ಮಾಡಿ. ಪೆಟ್ಟಿಗೆಯೊಳಗೊಂದು ಪೆಟ್ಟಿಗೆ, ನಡುವೆ ಎಲ್ಲ ಕಡೆಯೂ ದಪ್ಪ ಮೆತ್ತೆ ಇರಲಿ, ನಾಬ್‌ಗಳ ಮೇಲೆ ಭಾರ ಬೀಳದಿರಲಿ. ಪ್ಯಾಕ್ ಮಾಡುವುದನ್ನೂ ವಿಡಿಯೊ ಮಾಡಿ, ಕ್ರಮಸಂಖ್ಯೆ ಅದರಲ್ಲಿ ಕಾಣಲಿ.

ಪ್ರಶ್ನೆ: ಹಳೆಯ ವಾಲ್ವ್ ಆಂಪ್ ಕೊಳ್ಳಬೇಕೆಂದಿದ್ದೇನೆ. ಹಣ ಕೊಡುವ ಮೊದಲು ಮಾರುವವರನ್ನು ಏನು ಕೇಳಬೇಕು?

ಉತ್ತರ: ಅರ್ಧ ಗಂಟೆ ಬಿಸಿ ಮಾಡಿದ ಮೇಲೆ ತೆಗೆದ ವಿಡಿಯೊ ಕೇಳಿ, ತಣ್ಣಗಿನ ಆಂಪ್‌ನ ವಿಡಿಯೊದಿಂದ ಪ್ರಯೋಜನ ಕಡಿಮೆ. ಅದರಲ್ಲಿ ಪ್ರತಿ ನಾಬನ್ನೂ ನಿಧಾನವಾಗಿ ಕೊನೆಯಿಂದ ಕೊನೆಗೆ ತಿರುಗಿಸಲಿ, ಎರಡೂ ಚಾನೆಲ್, ರಿವರ್ಬ್ (ಅನುರಣನ), ಎಲ್ಲ ಜ್ಯಾಕ್‌ಗಳನ್ನು ಬಳಸಿ ತೋರಿಸಲಿ, ಏನನ್ನೂ ನುಡಿಸದೆ ಸ್ವಲ್ಪ ಹೊತ್ತು ಸುಮ್ಮನೆ ಬಿಡಲಿ. ನಾಬ್ ತಿರುಗಿಸುವಾಗಿನ ಕರಕರ ಸದ್ದಿಗೆ ಹೆದರಬೇಡಿ, ಅದು ಹೆಚ್ಚಾಗಿ ಕ್ಲೀನರ್ ಸ್ಪ್ರೇಯಿಂದ ಹೋಗುವಂಥ ಕೊಳೆ. ಕತ್ತಲಲ್ಲಿ ಹಿಂಬದಿಯನ್ನೂ ತೋರಿಸಲು ಹೇಳಿ: ವಾಲ್ವ್‌ನ ನಡುವಿನ ತಂತಿ ಕಿತ್ತಳೆಬಣ್ಣದಲ್ಲಿ ಹೊಳೆಯುವುದು ಸಹಜ, ಆದರೆ ಕೊನೆಯ ಹಂತದ ದೊಡ್ಡ ಪವರ್ ವಾಲ್ವ್‌ನ ಹೊರಗಿನ ಬೂದುಬಣ್ಣದ ಲೋಹದ ತಗಡೇ ಕೆಂಪಗೆ ಕಾದಿದ್ದರೆ ಅದು ಅಳತೆ ಮೀರಿದ ಕರೆಂಟನ್ನು ಎಳೆಯುತ್ತಿದೆ, ಆ ಆಂಪನ್ನು ಕೊಳ್ಳಬೇಡಿ. ಕೆಪಾಸಿಟರ್‌ಗಳನ್ನು, ವಾಲ್ವ್‌ಗಳನ್ನು ಎಂದು ಬದಲಿಸಿದ್ದಾರೆ, ರಸೀದಿ ಇದೆಯೇ ಎಂದು ಕೇಳಿ. ಕೊನೆಯದಾಗಿ, ಈ ಪ್ರಶ್ನೆಗಳನ್ನೂ ಉತ್ತರಗಳನ್ನೂ ಮಾರಾಟ ತಾಣದ ಸಂದೇಶಗಳಲ್ಲೇ ನಡೆಸಿ, ಹಣವನ್ನೂ ಅಲ್ಲಿಯೇ ಪಾವತಿಸಿ. ಹೊರಗೆ ಕೊಟ್ಟ ಹಣಕ್ಕೆ ಆ ತಾಣದ ರಕ್ಷಣೆ ಸಾಮಾನ್ಯವಾಗಿ ಸಿಗುವುದಿಲ್ಲ.